ವೇಗದ ಮಿತಿ ಯಾರದು?

ಮಹಾನಗರದಲ್ಲಿ ಬಾಳುವ ನಮಗೆ ವೇಗವೇ ಒಂದು ಸದ್ಗುಣವಾಗಿ ತೋರುವುದು ಸಹಜ. ಬೇಗ ಮೇಲೇರಿದವನು ಜಾಣ, ಹಿಂದೆ ಬಿದ್ದವನು ದಡ್ಡ ಎಂದು ತೀರ್ಪು ಕೊಡಲು ನಾವು ತಡಮಾಡುವುದಿಲ್ಲ. ಈ ತೀರ್ಪನ್ನು ತೂಗಿ ನೋಡಲು ನಮ್ಮ ಮಕ್ಕಳು ಶಾಲೆಯಲ್ಲಿ ಮಾಡುವಂಥ ಒಂದು ಲೆಕ್ಕವೇ ಸಾಕು.

ಎರಡು ನಿಲ್ದಾಣಗಳ ನಡುವೆ 1 ಕಿಲೋಮೀಟರ್ ದೂರವಿದೆ ಎನ್ನೋಣ. ಲೋಕಲ್ ಗಾಡಿಯ ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ಒಂದೊಂದು ಸೆಕೆಂಡಿನಲ್ಲಿ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಮಾತ್ರ ಏರಬಹುದು, ಅಷ್ಟೇ ಇಳಿಯಬಹುದು. ಪೂರ್ಣ ವೇಗಕ್ಕೇರಲು 40 ಸೆಕೆಂಡು, 400 ಮೀಟರ್ ಬೇಕು. ನಿಲ್ಲುವುದಕ್ಕೂ ಅಷ್ಟೇ ಬೇಕು. ನಡುವೆ ಪೂರ್ಣ ವೇಗದಲ್ಲಿ ಓಡಲು ಉಳಿಯುವುದು 200 ಮೀಟರ್, ಕೇವಲ 10 ಸೆಕೆಂಡು. ಒಟ್ಟು 90 ಸೆಕೆಂಡು.

ಈಗ ಗಂಟೆಗೆ 108 ಕಿಲೋಮೀಟರ್ ಓಡಬಲ್ಲ ಗಾಡಿಯನ್ನು ತಂದರೆ? ಗಳಿಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ! ಗಂಟೆಗೆ 80 ಕಿಲೋಮೀಟರ್ ದಾಟುತ್ತಲೇ ಅದು ಬ್ರೇಕು ಹಾಕಬೇಕು. ಅದೇ ಗಾಡಿ ಎಲ್ಲೂ ನಿಲ್ಲದೆ 100 ಕಿಲೋಮೀಟರ್ ಓಡಿದರೆ 84 ನಿಮಿಷದ ಹಾದಿ 57 ನಿಮಿಷಕ್ಕಿಳಿಯುತ್ತದೆ. ಹೆಜ್ಜೆಹೆಜ್ಜೆಗೂ ನಿಲ್ಲಬೇಕಾದವನ ಗರಿಷ್ಠ ವೇಗವನ್ನು ಅಳೆದು ಅವನನ್ನು ಹೊಗಳುವುದಾಗಲಿ ತೆಗಳುವುದಾಗಲಿ ನ್ಯಾಯವಲ್ಲವೆಂಬುದು ಇಲ್ಲಿಯೇ ತಿಳಿಯುತ್ತದೆ. ಮನೆಯ ಹಿರಿಯರ ಔಷಧಿ, ತಮ್ಮಂದಿರ ಓದು, ಊರಿಗೆ ಕಳಿಸುವ ಹಣ ಎಂದು ನಿಂತು ನಿಂತು ಸಾಗಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಹತ್ತಿರದ ನಿಲ್ದಾಣಗಳ ನಡುವೆ ಹೊತ್ತು ಉಳಿಸುವುದು ವೇಗೋತ್ಕರ್ಷ, ಅಂದರೆ ವೇಗ ಏರುವ ದರ. 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಉಗಿಬಂಡಿಗಿಂತ ವಿದ್ಯುತ್ ಗಾಡಿ ಉಪನಗರಗಳಿಗೆ ಒಪ್ಪುವುದಕ್ಕೆ ಅದು ಬೇಗ ವೇಗ ಹಿಡಿಯುವುದೂ ಒಂದು ಕಾರಣ. ನಮ್ಮ ಲೆಕ್ಕದಲ್ಲಿ ವೇಗೋತ್ಕರ್ಷವನ್ನು ಎರಡರಷ್ಟು ಮಾಡಿದರೆ 90 ಸೆಕೆಂಡು 70ಕ್ಕಿಳಿಯುತ್ತದೆ.

ಹಾಗಾದರೆ ಇನ್ನೂ ಏಕೆ ಏರಿಸಬಾರದು? ಗಾಡಿಯೊಳಗೆ ಜನ ನಿಂತಿದ್ದಾರೆ. ವೇಗೋತ್ಕರ್ಷ ಎರಡರಷ್ಟಾದಾಗ ನಿಂತವರಿಗೆ ತಮ್ಮ ತೂಕದ ಹತ್ತರಲ್ಲೊಂದು ಪಾಲಿನಷ್ಟು ಬಲ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಕುಳಿತವನಿಗೆ ಅದು ಅರಿವಿಗೇ ಬಾರದು. ಕಂಬಿ ಸಿಗದ ಮುದುಕನಿಗೆ, ಕಂಕುಳಲ್ಲಿ ಮಗುವಿರುವ ತಾಯಿಗೆ ಅದೇ ಕಂಟಕ. ಪುಸ್ತಕದಲ್ಲಿ 'ಇಷ್ಟನ್ನು ಮೀರಬಾರದು' ಎಂದು ಕೊಟ್ಟಿರುವ ಅಂಕಿಯ ಹಿಂದೆ ಹೀಗೆ ಒಂದು ಜೀವ ನಿಂತಿರುತ್ತದೆ. ಆ ಮಿತಿ ಯಂತ್ರದ್ದಷ್ಟೇ ಅಲ್ಲ, ಮನುಷ್ಯನದೂ ಹೌದು.

ನಿಧಾನವೇ ಪ್ರಧಾನ ಎಂದು ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಿಲ್ದಾಣಕ್ಕೆ 20 ಸೆಕೆಂಡಿನಂತೆ 24 ಸಲ ಉಳಿಸಿದರೆ 8 ನಿಮಿಷ. ಮನೆಯಲ್ಲಿ ಮಗು ಕಾಯುತ್ತಿರುವ ತಾಯಿಗೆ ಆ 8 ನಿಮಿಷವೂ ಅಮೂಲ್ಯವೇ. ನಿಂತವಳೂ ಅವಳೇ, ಬೇಗ ತಲುಪಬೇಕಾದವಳೂ ಅವಳೇ.

ಆದ್ದರಿಂದ ಪ್ರಶ್ನೆ ವೇಗ ಬೇಕೋ ಬೇಡವೋ ಎಂಬುದಲ್ಲ. ಮಿತಿಯನ್ನು ಯಾರನ್ನು ನೋಡಿ ಗೊತ್ತುಮಾಡಬೇಕೆಂಬುದು. ಕುಳಿತವರ ಸುಖವನ್ನು ನೋಡಿ ಅಲ್ಲ, ನಿಂತವರಲ್ಲಿ ಅತ್ಯಂತ ದುರ್ಬಲರನ್ನು ನೋಡಿ ಎಂದೇ ನಾವು ಭಾವಿಸುತ್ತೇವೆ. ಗಾಡಿಗಾಗಲಿ, ಮನೆಗಾಗಲಿ, ನಾಡಿಗಾಗಲಿ ವೇಗ ಹೆಚ್ಚಿಸಬೇಕೆಂದಿದ್ದರೆ ಮೊದಲು ಹಿಡಿದುಕೊಳ್ಳಲು ಎಲ್ಲರ ಕೈಗೂ ಒಂದೊಂದು ಆಸರೆ ಸಿಗಲಿ. ವೇಗ ಏರುವುದು ಆಮೇಲೆ.