ಏರಿದವರೂ ಇಳಿದವರೂ

ಬೆಟ್ಟವನ್ನು ಏಕೆ ಹತ್ತಬೇಕು ಎಂಬ ಪ್ರಶ್ನೆಯನ್ನು ಬೆಟ್ಟದ ಬುಡದಲ್ಲಿ ಕುಳಿತವರು ಮಾತ್ರ ಕೇಳುತ್ತಾರೆ. ಹತ್ತುವವನಿಗೆ ಉಸಿರು ಬೇರೆ ಕೆಲಸಕ್ಕೆ ಬೇಕಾಗಿರುತ್ತದೆ. 1923ರಲ್ಲಿ ಅಮೆರಿಕದಲ್ಲಿ ಉಪನ್ಯಾಸ ಮಾಡುತ್ತ ತಿರುಗುತ್ತಿದ್ದ ಜಾರ್ಜ್ ಮ್ಯಾಲೊರಿಯನ್ನು ಪತ್ರಿಕೆಯವರು, ಎವರೆಸ್ಟನ್ನೇ ಏರಬೇಕೆಂಬ ಈ ಹಟವೇಕೆ ಎಂದು ಕೇಳಿದರಂತೆ. ಅದು ಅಲ್ಲಿ ಇದೆ, ಅದಕ್ಕೆ ಎಂಬುದು ಆತನ ಉತ್ತರವೆಂದು ಅಚ್ಚಾಯಿತು. ಮರುವರ್ಷ ಜೂನ್ 8ರಂದು ಆತನೂ ಅರ್ವಿನ್ ಎಂಬ ತರುಣನೂ ಶಿಖರದ ಕಡೆಗೆ ಹೋದವರು ಹಿಂದಿರುಗಲಿಲ್ಲ. ಮ್ಯಾಲೊರಿಯ ದೇಹ ದೊರೆತದ್ದು 1999ರಲ್ಲಿ. ಆ ಮಾತಿಗೆ ಮಾತ್ರ ಸಾವು ಬಂದಿಲ್ಲ. ಸಾಹಸದ ವಿಷಯ ಎತ್ತಿದವರೆಲ್ಲ ಅದನ್ನು ಒಮ್ಮೆ ಹೇಳಿಯೇ ಮುಂದೆ ಹೋಗುತ್ತಾರೆ.

ನಮಗೆ ಆ ಉತ್ತರ ಅಷ್ಟು ಹಿತವಾಗಿರುವುದೇಕೆ? ನಾವು ಗೃಹಸ್ಥರು. ಬೆಳಗಾದರೆ ಹಾಲಿನವನ ಲೆಕ್ಕ, ತಿಂಗಳಾದರೆ ಬಾಡಿಗೆ, ಜೂನ್ ಬಂದರೆ ಮಕ್ಕಳ ಶಾಲೆಯ ಫೀಸು. ಏತಕ್ಕೆ ಮಾಡುತ್ತೀಯೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಒಂದು ಕೆಲಸವನ್ನೂ ನಾವು ಮಾಡುವಂತಿಲ್ಲ. ಹಾಗಿರುವಾಗ ಪ್ರಯೋಜನವೇ ಇಲ್ಲದ ಒಂದು ಕೆಲಸಕ್ಕೆ ಪ್ರಾಣವನ್ನೇ ಒಡ್ಡುವವನು ನಮ್ಮ ಕಣ್ಣಿಗೆ ದೊಡ್ಡವನಾಗಿ ಕಾಣುತ್ತಾನೆ. ಕೆಲವರು ಇನ್ನೂ ಮುಂದೆ ಹೋಗಿ ಇದೇ ಫಲಾಪೇಕ್ಷೆಯಿಲ್ಲದ ಕರ್ಮ ಎನ್ನುತ್ತಾರೆ. ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಶಿಖರವನ್ನು ಬಯಸುವುದೂ ಬಯಕೆಯೇ. ಬಾವುಟ, ಛಾಯಾಚಿತ್ರ, ಮೊದಲಿಗನೆಂಬ ಹೆಸರು ಇವೆಲ್ಲ ಫಲವಲ್ಲದೆ ಮತ್ತೇನು? ಆದರೂ ಹೊಟ್ಟೆಪಾಡಿಗಾಗಿ ಅಲ್ಲ ಎಂಬ ಒಂದು ಮಾತು ಉಳಿಯುತ್ತದೆ. ಗೌರವವೆಲ್ಲ ಆ ಮಾತಿಗೇ ಸಲ್ಲುತ್ತಿದೆ.

ಬಂಗಾರಪೇಟೆಯಲ್ಲಿ ಕುಳಿತು ಇದನ್ನು ಯೋಚಿಸುವವನಿಗೆ ಒಂದು ತೊಡಕುಂಟು. ಇಲ್ಲಿಂದ ಮಾರಿಕುಪ್ಪಮ್ಮಿಗೆ ಹೋಗುವ ರೈಲನ್ನು ಹತ್ತಿದರೆ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳು ಬರುತ್ತವೆ. ಬಯಲು ಸೀಮೆ, ಹೇಳಿಕೊಳ್ಳುವಂಥ ಶಿಖರವೊಂದೂ ಕಾಣದು. ಆದರೆ ಚಾಂಪಿಯನ್ ರೀಫ್ ಗಣಿ ನೆಲದಿಂದ ಕೆಳಕ್ಕೆ ಸುಮಾರು 3,200 ಮೀಟರ್ ಇಳಿದಿತ್ತು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ ಅಳೆದರೆ 1,930 ಮೀಟರ್. ಅದು ಬೇಡ, ದಕ್ಷಿಣ ಭಾರತಕ್ಕೆಲ್ಲ ಎತ್ತರವಾದ ಆನೈಮುಡಿಯನ್ನೇ ತಂದು ಆ ಬಾವಿಯಲ್ಲಿ ತಲೆಕೆಳಗಾಗಿ ಇಳಿಸಿದರೂ ಅದರ ತುದಿ ತಳ ಮುಟ್ಟದೆ ಇನ್ನೂ ಐನೂರು ಮೀಟರ್ ಉಳಿಯುತ್ತದೆ. ಎವರೆಸ್ಟಿನ ಮೇಲೆ ಗಾಳಿ ಸಮುದ್ರಮಟ್ಟದ ಮೂರರಲ್ಲೊಂದು ಪಾಲು. ಇಲ್ಲಿ ತಳದ ಬಂಡೆಯ ಶಾಖ 65 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮೇಲೆ ಗಾಳಿಯನ್ನು ತಣ್ಣಗೆ ಮಾಡಿ ಕೆಳಕ್ಕೆ ನೂಕಿದರೆ ಮನುಷ್ಯ ಅಲ್ಲಿ ಕೆಲಸ ಮಾಡಬಹುದಿತ್ತು. ಒತ್ತಡ ತಾಳಲಾರದೆ ಬಂಡೆ ತಾನೇ ಸಿಡಿಯುತ್ತಿತ್ತು. ಗಣಿಯವರು ಅದನ್ನು 'ಏರ್ ಬ್ಲಾಸ್ಟ್' ಎಂದು ಕರೆದರು. ದೊಡ್ಡದು ಸಿಡಿದಾಗ ಮೇಲಿದ್ದ ಮನೆಗಳ ಗೋಡೆ ನಡುಗುತ್ತಿತ್ತು. ಒಲೆಯ ಮುಂದಿದ್ದ ಹೆಂಗಸರು ಮೊದಲು ಎಣಿಸುತ್ತಿದ್ದುದು, ಈಗ ಯಾವ ಷಿಫ್ಟಿನವರು ಒಳಗಿದ್ದಾರೆ ಎಂಬುದನ್ನು.

ಎತ್ತರದ ಸಾಹಸಕ್ಕೆ ಪುಸ್ತಕಗಳಿವೆ, ಪದಕಗಳಿವೆ. ಈ ಆಳದ ಸಾಹಸಕ್ಕೆ ಇದ್ದದ್ದು ಸಂಬಳದ ಪುಸ್ತಕ.

ಕೆಲವು ವರ್ಷಗಳ ಕೆಳಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟವನ್ನು ಹತ್ತುವಾಗ ಮೂವತ್ತು ವರ್ಷ ಗಣಿಯ ಒಳಗೆ ದುಡಿದಿದ್ದ ಹಿರಿಯರೊಬ್ಬರು ಜೊತೆಗಿದ್ದರು. ವಾಲ್ಮೀಕಿಯ ಆಶ್ರಮ ಅಲ್ಲಿತ್ತೆಂದೂ ಲವಕುಶರು ಹುಟ್ಟಿದ್ದು ಅಲ್ಲೆಂದೂ ನಂಬಿಕೆ. ಮೇಲೆ ಸೀತೆಯ ಗುಡಿ. ನನಗಿಂತ ಮೊದಲು ಅವರು ಬಂಡೆಯ ಮೇಲೆ ಕುಳಿತರು. ಧೂಳು ಕುಡಿದ ಎದೆ. ಏರು ಅದಕ್ಕೆ ಆಗಿಬರುತ್ತಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಹೇಳಿದರು:

"ಬೆಟ್ಟ ಒಳ್ಳೇದು ಸಾರ್. ಸಾಕಾದ್ರೆ ಕೂತ್ಕೋಬಹುದು. ಬೇಡ ಅನ್ನಿಸಿದ್ರೆ ಇಳ್ದು ಮನೆಗೆ ಹೋಗ್ಬಹುದು. ಕೇಜ್ ಒಳಗೆ ಕಾಲಿಟ್ಟ ಮೇಲೆ ಆ ಮಾತೇ ಇಲ್ಲ."

"ಹೆದರಿಕೆ ಆಗ್ತಿರಲಿಲ್ವೆ ಅಣ್ಣ?"

"ಮೊದಲನೇ ವಾರ ಆಯ್ತು. ಆಮೇಲೆ ಸಂಬಳ ಬಂತು."

ಅವರಿಗೆ ಮ್ಯಾಲೊರಿಯ ಹೆಸರು ಗೊತ್ತಿರಲಿಲ್ಲ, ನಾನೂ ಹೇಳಹೋಗಲಿಲ್ಲ. ಏಕೆ ಹೋದೆ ಎಂಬುದಕ್ಕೆ ಆತನ ಉತ್ತರ ಅದು ಅಲ್ಲಿದೆ ಎಂದಾದರೆ, ಇವರದು ಸಂಬಳ ಅಲ್ಲಿದೆ ಎಂದು. ಎರಡನೆಯ ಉತ್ತರ ಕೇಳಿದಾಗ ನಾವು ಮರುಕಪಡುತ್ತೇವೆ, ಮೊದಲನೆಯದಕ್ಕೆ ಮೆಚ್ಚುತ್ತೇವೆ. ಅಪಾಯ ಒಂದೇ ಆಗಿದ್ದರೂ ಆರಿಸಿಕೊಂಡವನದು ಶೌರ್ಯ, ಬೇರೆ ದಾರಿಯಿಲ್ಲದೆ ಹೋದವನದು ಕರ್ಮ ಎನ್ನುವುದು ನ್ಯಾಯವೆ?

ನ್ಯಾಯವೆಂದು ವಾದಿಸಬಹುದು. ಸದ್ಗುಣವೆಂಬುದು ಸ್ವತಂತ್ರನಾದವನಿಗೆ ಮಾತ್ರ ಸಾಧ್ಯ, ಕಟ್ಟುಬಿದ್ದವನ ಧೈರ್ಯ ಬರಿಯ ಸಹನೆ ಎಂದು ಹೇಳುವವರಿದ್ದಾರೆ. ಆದರೆ ಈ ವಾದ ಬಡವನ ಕೈಯಿಂದ ಕೂಲಿಯ ಜೊತೆಗೆ ಸದ್ಗುಣವನ್ನೂ ಕಿತ್ತುಕೊಳ್ಳುತ್ತದೆ. ಆವಣಿಯಲ್ಲಿ ಆ ಹಿರಿಯರು ಇನ್ನೊಂದು ಮಾತು ಹೇಳಿದರು. ಬಂಡೆ ಸಿಡಿದು ಯಾರಾದರೂ ಒಳಗೆ ಸಿಕ್ಕಿಬಿದ್ದರೆ, ಷಿಫ್ಟ್ ಮುಗಿಸಿ ಮೇಲೆ ಬಂದವರೂ ಮತ್ತೆ ಇಳಿಯುತ್ತಿದ್ದರಂತೆ. ಒಮ್ಮೆ ಸಿಡಿದ ಕಡೆ ಇನ್ನೊಮ್ಮೆ ಸಿಡಿಯುವುದಿಲ್ಲವೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆ ಎರಡನೆಯ ಇಳಿತಕ್ಕೆ ಸಂಬಳವಿಲ್ಲ. ಅದು ಅವರು ಆರಿಸಿಕೊಂಡದ್ದು.

ಎತ್ತರದ ಕಡೆಗೆ ತಿರುಗಿದರೆ, 2006ರಲ್ಲಿ ಡೇವಿಡ್ ಶಾರ್ಪ್ ಎಂಬ ಇಂಗ್ಲಿಷ್ ಆರೋಹಿ ಎವರೆಸ್ಟಿನ ಉತ್ತರ ಮಗ್ಗುಲಲ್ಲಿ ಒಂದು ಬಂಡೆಯ ಮರೆಯಲ್ಲಿ ಸಾಯುತ್ತ ಕುಳಿತಿದ್ದ. ಆ ದಾರಿಯಲ್ಲಿ ಸುಮಾರು ನಲವತ್ತು ಮಂದಿ ಹಾದುಹೋದರೆಂದು ವರದಿಯಾಯಿತು. ಕೆಲವರು ಅವನನ್ನು ಕಾಣಲಿಲ್ಲ, ಕೆಲವರು ಸತ್ತಿದ್ದಾನೆಂದುಕೊಂಡರು, ಕೆಲವರು ಕೈಲಾದಷ್ಟು ಮಾಡಿ ಬಿಟ್ಟರು. ಆ ಎತ್ತರದಲ್ಲಿ ಒಬ್ಬನನ್ನು ಹೊತ್ತು ತರುವುದು ಸುಲಭವಲ್ಲವೆಂಬುದನ್ನು ಒಪ್ಪಬೇಕು. ಆದರೆ 1953ರಲ್ಲಿ ತೇನ್ಸಿಂಗನ ಜೊತೆ ಮೊದಲು ಶಿಖರ ಮುಟ್ಟಿದ್ದ ಹಿಲರಿ ಈ ಸುದ್ದಿ ಕೇಳಿ ಕಟುವಾಗಿ ಖಂಡಿಸಿದರು. ಶಿಖರಕ್ಕಿಂತ ಒಂದು ಪ್ರಾಣ ದೊಡ್ಡದೆಂಬುದು ಅವರ ಕಾಲದ ಆರೋಹಿಗಳು ಮರೆಯದಿದ್ದ ಮಾತು.

ಆರೋಹಿಗೆ ಸಿಕ್ಕಿರುವ ಸ್ವಾತಂತ್ರ್ಯ ಕೇವಲ ಹೋಗುವ ಸ್ವಾತಂತ್ರ್ಯವಲ್ಲ, ಹಿಂತಿರುಗುವ ಸ್ವಾತಂತ್ರ್ಯ. ನನ್ನ ಮಟ್ಟಿಗೆ ಅವನ ಬೆಲೆ ತಿಳಿಯುವುದು ಅಲ್ಲಿ. 1924ರ ಜೂನ್ 4ರಂದು, ಮ್ಯಾಲೊರಿ ಕಣ್ಮರೆಯಾಗುವ ನಾಲ್ಕು ದಿನ ಮೊದಲು, ನಾರ್ಟನ್ ಎಂಬಾತ ಆಮ್ಲಜನಕದ ಸಹಾಯವಿಲ್ಲದೆ 28,126 ಅಡಿ ಏರಿದ್ದ. ಶಿಖರ ಇನ್ನು ಒಂಬೈನೂರು ಅಡಿ. ಕಣ್ಣು ಮಂಜಾಗುತ್ತಿತ್ತು, ಹೊತ್ತು ಮೀರುತ್ತಿತ್ತು. ತಿರುಗಿ ಇಳಿದ. ಆಮ್ಲಜನಕವಿಲ್ಲದೆ ಅದಕ್ಕಿಂತ ಮೇಲೆ ಹೋಗಿ ಬಂದವರು 1978ರವರೆಗೂ ಇರಲಿಲ್ಲ. ಆತನ ಜೊತೆಗಾರ ಸಾಮರ್ವೆಲ್ ಸ್ವಲ್ಪ ಕೆಳಗೆ, ಗಂಟಲು ಕಟ್ಟಿ ಕುಳಿತಿದ್ದ. ನೀನು ಹೋಗು ಎಂದು ನಾರ್ಟನ್‌ನನ್ನು ಕಳಿಸಿದವನೇ ಅವನು. ಇಳಿಯುವಾಗ ಅವನಿಗೆ ಉಸಿರೇ ನಿಂತು, ಚಳಿಗೆ ಸುಟ್ಟು ಕಳಚಿದ್ದ ಗಂಟಲಿನ ಒಳಪದರವನ್ನು ಕೆಮ್ಮಿ ಹೊರಹಾಕಿ ಬದುಕಿದ.

ಈ ಸಾಮರ್ವೆಲ್ಲನ ವಿಚಾರವನ್ನು ನಮ್ಮ ಕಡೆಯವರು ಸ್ವಲ್ಪ ತಿಳಿದಿರಬೇಕು. ವೃತ್ತಿಯಲ್ಲಿ ಶಸ್ತ್ರವೈದ್ಯ. 1922ರ ಎವರೆಸ್ಟ್ ತಂಡದಲ್ಲೂ ಇದ್ದ. ಆ ವರ್ಷ ಜೂನ್ 7ರಂದು ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಸತ್ತರು. ಹೆಸರಿಗಾಗಿ ಬಂದಿದ್ದ ಬಿಳಿಯರೆಲ್ಲ ಉಳಿದರು, ಕೂಲಿಗಾಗಿ ಬಂದಿದ್ದವರು ಹೋದರು. ನಮ್ಮಲ್ಲೊಬ್ಬನಾದರೂ ಅವರ ಜೊತೆ ಏಕೆ ಸಾಯಲಿಲ್ಲ ಎಂಬ ಸಂಕಟವನ್ನು ಸಾಮರ್ವೆಲ್ ಮುಂದೆ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಅದೇ ವರ್ಷ ಭಾರತವನ್ನು ಸುತ್ತುತ್ತ ತಿರುವಾಂಕೂರಿನ ನೆಯ್ಯೂರಿಗೆ ಬಂದು, ಅಲ್ಲಿನ ಮಿಷನ್ ಆಸ್ಪತ್ರೆಯ ಮುಂದೆ ನಿಂತಿದ್ದ ರೋಗಿಗಳ ಗುಂಪನ್ನು ಕಂಡ. ಲಂಡನ್ನಿನಲ್ಲಿ ಕಾದಿದ್ದ ಒಳ್ಳೆಯ ಭವಿಷ್ಯವನ್ನು ಬಿಟ್ಟ. 1924ರ ಆರೋಹಣಕ್ಕೆ ಹೋದದ್ದೂ ನೆಯ್ಯೂರಿನಿಂದಲೇ. ಬೆಟ್ಟದ ಆಸೆಯನ್ನು ಅವನು ಪಾಪವೆಂದು ತಿಳಿಯಲಿಲ್ಲ. ಅದು ಮುಗಿದ ಮೇಲೆ ಮತ್ತೆ ಆಸ್ಪತ್ರೆಗೇ ಬಂದ. ಕೊನೆಯ ವರ್ಷಗಳಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ 1961ರಲ್ಲಿ ನಿವೃತ್ತನಾದ. ಬಂಗಾರಪೇಟೆಯವರು, ಗಣಿಯ ಊರಿನವರು ಕೈಮೀರಿದ ಕಾಯಿಲೆಗೆ ಇಂದಿಗೂ ರೈಲು ಹತ್ತುವುದು ಆ ವೆಲ್ಲೂರಿಗೇ.

ಹಿಂತಿರುಗುವ ಸ್ವಾತಂತ್ರ್ಯವನ್ನು ಹೊರೆಯಾಳುಗಳು ಒಮ್ಮೆ ತಾವೇ ಕೈಗೆ ತೆಗೆದುಕೊಂಡರು. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ ಹದಿನಾರು ಮಂದಿ ನೇಪಾಳಿ ಕೆಲಸಗಾರರು ಸತ್ತಾಗ, ಶೆರ್ಪಾಗಳು ಆ ಋತುವಿಗೆ ಮೇಲೆ ಹೋಗಲು ಒಪ್ಪಲಿಲ್ಲ. ಹಣ ಕಟ್ಟಿ ಬಂದವರು ಕೆಳಗೇ ಉಳಿದರು. ನಮ್ಮ ಗಣಿಯವರೂ 1930ರಲ್ಲಿ ದೊಡ್ಡ ಮುಷ್ಕರ ಹೂಡಿದ್ದುಂಟು. ವಿಚಿತ್ರವೆಂದರೆ, ಅದು ಹೊತ್ತಿಕೊಂಡದ್ದು ಸಿಡಿಯುವ ಬಂಡೆಯಿಂದಲ್ಲ, ಕೆಲಸಗಾರರೆಲ್ಲ ಬೆರಳಚ್ಚು ಕೊಡಬೇಕೆಂಬ ನಿಯಮದಿಂದ. ಸಾವಿಗೆ ಅಂಜದವರು ತಮ್ಮನ್ನು ಕಳ್ಳರಂತೆ ಕಾಣುವುದನ್ನು ಸಹಿಸಲಿಲ್ಲ. ಅವರ ಧೈರ್ಯ ಬರಿಯ ಸಹನೆಯೆನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಆ ಆಳಕ್ಕೆ ಸುಮ್ಮನೆ ತಿಳಿಯುವ ಆಸೆಯಿಂದ ಇಳಿದವರೂ ಇದ್ದರು. ಮೇಲಿನ ಬಂಡೆಯೆಲ್ಲ ವಿಶ್ವಕಿರಣಗಳಿಗೆ ತಡೆಯಾಗುವುದರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳ ಜೊತೆ ಅಲ್ಲಿ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಹಿಡಿದರು. ಮ್ಯಾಲೊರಿಯ ಉತ್ತರವನ್ನು ಅವರೂ ಕೊಡಬಹುದಿತ್ತು. ಅವರು ಇಳಿದದ್ದು ಕೂಲಿಯವನು ಕೊರೆದ ದಾರಿಯಲ್ಲಿ. ಹಿಲರಿ ಏರಿದ್ದೂ ಶೆರ್ಪಾ ಹೊತ್ತ ಹೊರೆಯ ಬಲದಿಂದ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆಳದಲ್ಲಿ ನೀರು ತುಂಬಿತು. 2019ರ ಮೇ ತಿಂಗಳಲ್ಲಿ ಎವರೆಸ್ಟಿನ ತುದಿಯ ಏಣಿನ ಮೇಲೆ, ಸಿನಿಮಾ ಟಿಕೆಟ್ಟಿಗೆ ನಿಂತಂತೆ, ಜನ ಸಾಲುಗಟ್ಟಿ ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತು. ಇಲ್ಲಿ ಉಳಿದಿರುವುದು ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ ತೆಗೆದು ಚೆಲ್ಲಿದ ಪುಡಿಯ ಸೈನೈಡ್ ಗುಡ್ಡಗಳು. ಊರಿನ ಹುಡುಗರು ಅವುಗಳ ಮೇಲೆ ಓಡಿ ಹತ್ತಿ ಜಾರಿ ಇಳಿಯುತ್ತಾರೆ. ಅವರ ಅಜ್ಜಂದಿರು ಕೆಳಗಿನಿಂದ ಮೇಲಕ್ಕೆ ಕಳಿಸಿದ ಕಲ್ಲು ಅದು. ಬೆಳಗಿನ ಜಾವ ಅದೇ ಮಾರಿಕುಪ್ಪಮ್ ರೈಲಿನಲ್ಲಿ ಅವರ ತಂದೆತಾಯಂದಿರು ಬೆಂಗಳೂರಿಗೆ ದುಡಿಯಲು ಹೊರಟಿರುತ್ತಾರೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಕೂರಲು ಜಾಗವಿರುವುದಿಲ್ಲ.