ದುಂಬಿಗೆ ಎಷ್ಟು ಇಂದ್ರಿಯ?

ಮಳೆ ಹಿಡಿದರೆ ಸಾಕು, ಹೈದರಾಬಾದಿನ ಖಾಲಿ ಸೈಟುಗಳ ತುಂಬ ವಯ್ಯಾರಿಭಾಮ. ತೆಲುಗಿನಲ್ಲಿ ಇಷ್ಟು ಬೆಡಗಿನ ಹೆಸರು ಪಡೆದ ಈ ಕಳೆ ಕನ್ನಡಿಗರಿಗೆ ಕಾಂಗ್ರೆಸ್ ಗಿಡ. ಇದರ ಎಲೆ ತಿಂದೇ ಬದುಕುವ ದುಂಬಿಯೊಂದಿದೆ: ಜೈಗೊಗ್ರಾಮಾ ಬೈಕಲರೇಟಾ. ಆರು ಮಿಲಿಮೀಟರಿನಷ್ಟು ಉದ್ದ, ಕೆನೆಬಣ್ಣದ ಬೆನ್ನು, ಅದರ ಮೇಲೆ ಉದ್ದುದ್ದ ಕಂದು ಗೆರೆಗಳು.

ವಿಜ್ಞಾನಿಗಳು ಇದನ್ನು ಕ್ರೈಸೊಮೆಲಿಡೇ ಎಂಬ ಎಲೆದುಂಬಿಗಳ ಕುಟುಂಬಕ್ಕೆ ಸೇರಿಸುತ್ತಾರೆ. ಆಲೂಗಡ್ಡೆ ಬೆಳೆಯನ್ನು ಹಾಳುಗೆಡವುವ ಕೊಲರಾಡೊ ದುಂಬಿ ಇದರ ಹತ್ತಿರದ ನೆಂಟ. ಮೊದಲು ಬೇರೆ ಕುಟುಂಬವೆಂದೇ ಎಣಿಸುತ್ತಿದ್ದ ಕಾಳಿನ ದುಂಬಿಗಳೂ ಈಗ ಇದೇ ಮನೆಯವು. ಇಲ್ಲಿ ಲೆಕ್ಕಕ್ಕೆ ಬರುವುದು ವಂಶ.

ಜೈನರ ಲೆಕ್ಕ ಬೇರೆ. ಹೈದರಾಬಾದಿನಿಂದ ಸುಮಾರು 80 ಕಿ.ಮೀ. ದೂರದ ಕೊಲನುಪಾಕ ಇಂದಿಗೂ ಅವರ ತೀರ್ಥ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿರುವ ಊರು. ಆ ಪರಂಪರೆಯ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳಿಂದ ವಿಂಗಡಿಸುತ್ತದೆ. ಗಿಡಕ್ಕೆ ಸ್ಪರ್ಶ ಮಾತ್ರ. ಕ್ರಿಮಿಗೆ ರುಚಿ ಸೇರಿ ಎರಡು, ಇರುವೆಗೆ ವಾಸನೆ ಸೇರಿ ಮೂರು, ಭ್ರಮರಕ್ಕೆ ನೋಟ ಸೇರಿ ನಾಲ್ಕು. ಯಾವ ಜೀವಕ್ಕೆ ಎಷ್ಟು ನೋವು ತಾಗೀತು ಎಂಬ ಕಾಳಜಿ ಈ ಎಣಿಕೆಯ ಒಳಗಿದೆ.

ಹಾಗಾದರೆ ಎಲೆಯಡಿಯ ಹಳದಿ ಮೊಟ್ಟೆಯೊಡೆದು ಬಂದ ಮರಿಹುಳು ಎಲ್ಲಿಗೆ ಸೇರಬೇಕು? ನೋಟಕ್ಕೆ ಅದು ಕ್ರಿಮಿ. ಕೆಲವು ವಾರಗಳಲ್ಲಿ ಅದೇ ಜೀವ ದುಂಬಿ. ಆದರೆ ಇಂದ್ರಿಯಗಳ ಎಣಿಕೆಯಿಂದ ಗುರುತಿಸುವ ಈ ಜಾತಿಯೆಂಬುದು ಹುಟ್ಟಿನೊಂದಿಗೇ ಬರುವ ಕರ್ಮಫಲ, ಒಂದೇ ಜನ್ಮದ ನಡುವೆ ಬದಲಾಗುವಂಥದ್ದಲ್ಲ ಎನ್ನುತ್ತದೆ ಜೈನ ಸಿದ್ಧಾಂತ. ಭೂತಗನ್ನಡಿ ಹಿಡಿದು ನೋಡಿದರೆ ಸಿದ್ಧಾಂತವೇ ಗೆಲ್ಲುತ್ತದೆ: ಮರಿಹುಳುವಿನ ತಲೆಯ ಎರಡೂ ಬದಿಗೆ ಪುಟ್ಟ ಕಪ್ಪು ಚುಕ್ಕೆಗಳಂಥ ಕಣ್ಣುಗಳಿವೆ. ಕಣ್ಣಿದ್ದೂ ಅದನ್ನು ಕ್ರಿಮಿಯೆಂದದ್ದು ನಮ್ಮ ಅವಸರ.

ಈ ದುಂಬಿ ತಾನಾಗಿ ಬಂದದ್ದಲ್ಲ. ಕಳೆಯನ್ನು ಹತೋಟಿಗೆ ತರಲೆಂದು ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರಕ್ಕೂ ಹೊಣೆಯಿದೆ ಎನ್ನುವ ಜೈನ ನೀತಿಯಲ್ಲಿ ಇದು ಮಾಡಿಸಿದ ಹಿಂಸೆ. ಕಳೆಯೂ ಜೀವವೇ. ಆದರೂ ವಿಷ ಸಿಂಪಡಿಸಿದ್ದರೆ ಸಾಯುತ್ತಿದ್ದ ಇರುವೆ, ಜೇನುಗಳನ್ನು ನೆನೆದರೆ ದುಂಬಿಯ ದಾರಿಯೇ ಹಗುರವೆಂದು ತೋರುತ್ತದೆ. 1990ರ ದಶಕದಲ್ಲಿ ಅದು ಸೂರ್ಯಕಾಂತಿಯ ಎಲೆ ತಿಂದಾಗ ರೈತರು ಬೆದರಿದ್ದೂ ಸಹಜವೇ. ಆ ಎಲೆಗಳ ಮೇಲೆ ಬಿದ್ದಿದ್ದ ಕಾಂಗ್ರೆಸ್ ಗಿಡದ ಪರಾಗವೇ ದುಂಬಿಯನ್ನು ಸೆಳೆದಿತ್ತೆಂದು ಪ್ರಯೋಗಗಳು ತೋರಿಸಿದವು.

ಗಿಡ ಒಣಗುವ ಹೊತ್ತಿಗೆ ದುಂಬಿ ಮಣ್ಣಿನೊಳಗೆ ಇಳಿಯುತ್ತದೆ. ಅಲ್ಲಿ ತಿಂಗಳುಗಟ್ಟಲೆ ಊಟವಿಲ್ಲ, ಬೆಳಕಿಲ್ಲ. ಸೈಟಿನ ಮೇಲೆ ಮತ್ತೆ ಮಳೆ ಬಿದ್ದು ಮಣ್ಣು ನೆಂದಾಗ ಮೇಲೆದ್ದು, ವಯ್ಯಾರಿಭಾಮದ ಎಳೆ ಎಲೆಗೆ ಹತ್ತುತ್ತದೆ.