ಶಿಫಾರಸು ಇಲ್ಲದವರ ಪರಿಚಯಪತ್ರ

'ಅಲ್ಲಿ ನಮ್ಮವರು ಯಾರಾದರೂ ಇದ್ದಾರಾ?' ಮಕ್ಕಳ ಓದು ಮುಗಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಚಿಕ್ಕಪ್ಪನೋ ಬೀಗರ ಕಡೆಯವರೋ ಒಳ್ಳೆಯ ಹುದ್ದೆಯಲ್ಲಿದ್ದರೆ ದಾರಿ ತೆರೆಯುತ್ತದೆ. ಸಿಂಧನೂರಿನಲ್ಲೋ ಚಳ್ಳಕೆರೆಯಲ್ಲೋ ಓದಿ, ಮನೆಗೆ ಮೊದಲ ಪದವಿ ತಂದ ಹುಡುಗಿ ಅಂಥವರನ್ನು ಎಲ್ಲಿಂದ ತರಬೇಕು? ಲಿಂಕ್ಡ್‌ಇನ್‌ನಂಥ ತಾಣದಲ್ಲಿ ಒಂದು ಒಳ್ಳೆಯ ಪ್ರೊಫೈಲ್ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವಳಿಗೆ.

ಕೆಲಸದ ಸುದ್ದಿ ತರುವವರು ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಯದವರು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಕಾರಣ ಸರಳ: ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿತು. ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ತೀರಾ ಹತ್ತಿರವೂ ಅಲ್ಲದ, ತೀರಾ ಅಪರಿಚಿತವೂ ಅಲ್ಲದ ನಂಟು. ಕಾಲೇಜಿನ ಸೀನಿಯರ್, ಇಂಟರ್ನ್‌ಶಿಪ್‌ನಲ್ಲಿ ಪಕ್ಕದ ತಂಡದಲ್ಲಿದ್ದವರು, ಇಂಥವರು.

ಆದರೆ ಅವರು ನಮ್ಮ ಪುಟ ತೆರೆದಾಗ ಅಲ್ಲಿ ಏನಾದರೂ ಇರಬೇಕಲ್ಲ! 'ಪರಿಶ್ರಮಿ, ಉತ್ಸಾಹಿ, ತಂಡದೊಂದಿಗೆ ಹೊಂದಿಕೊಳ್ಳುವ ಗುಣ' ಎಂಬ ಸಾಲುಗಳನ್ನು ಓದಿ ಓದಿ ನೇಮಕಾತಿ ಮಾಡುವವರ ಕಣ್ಣು ದಣಿದಿದೆ. ಅವರು ಹುಡುಕುವುದು ಗುಣವಾಚಕಗಳನ್ನಲ್ಲ. ಹುಬ್ಬಳ್ಳಿಯಲ್ಲಿ ಲೆಕ್ಕಿಗರು ಬೇಕಾದರೆ 'ಟ್ಯಾಲಿ', 'ಜಿಎಸ್‌ಟಿ', 'ಹುಬ್ಬಳ್ಳಿ' ಎಂದು ಟೈಪ್ ಮಾಡುತ್ತಾರೆ. ಆ ಪದಗಳಿಲ್ಲದ ಪುಟ ಅವರ ಕಣ್ಣಿಗೆ ಬೀಳುವುದೇ ಕಷ್ಟ. 'ಎರಡು ವರ್ಷ ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ಟ್ಯಾಲಿಯಲ್ಲಿ ನೋಡಿಕೊಂಡೆ, ತಿಂಗಳು ತಿಂಗಳೂ ಜಿಎಸ್‌ಟಿ ರಿಟರ್ನ್ ನಾನೇ ಸಲ್ಲಿಸಿದೆ' ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗಿಂತ ತೂಕದ್ದು. ಅಂಗಡಿ ಚಿಕ್ಕದು ಎಂಬ ಸಂಕೋಚ ಬೇಡ. ಮಾಡಿದ ಕೆಲಸ ಚಿಕ್ಕದಲ್ಲ.

1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಉಳಿದಿದೆ. ಹಗುರ ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಮೊದಲು ಹೇಳಿ, ಚಿತ್ರ ಬಿಡಿಸುವ ಮಾತನ್ನು ಅವನು ಕೊನೆಗೆ ಇಟ್ಟ. ಓದುವವನಿಗೆ ಏನು ಬೇಕು ಎಂದು ಯೋಚಿಸಿ ಬರೆಯುವ ಈ ಎಚ್ಚರ ನಮಗೂ ಬೇಕು.

ಉತ್ಪ್ರೇಕ್ಷೆ ಮಾತ್ರ ಬೇಡ. ಭವಿಷ್ಯನಿಧಿಯ ಖಾತೆ ಸಂಖ್ಯೆಯಾದ ಯುಎಎನ್‌ನ ದಾಖಲೆಯಲ್ಲಿ ಕೆಲಸಕ್ಕೆ ಸೇರಿದ ದಿನವೂ ಬಿಟ್ಟ ದಿನವೂ ಇರುತ್ತವೆ. ಆರು ತಿಂಗಳನ್ನು ಒಂದೂವರೆ ವರ್ಷ ಮಾಡಿದರೆ, ಕೈಗೆ ಬಂದ ಆಫರ್ ಲೆಟರ್ ಜಾರಿಹೋಗಬಹುದು. ಬಾಣಂತನಕ್ಕೋ ಅಪ್ಪನ ಕಾಯಿಲೆಗೋ ಕೆಲಸ ಬಿಟ್ಟಿದ್ದರೆ ಹಾಗೆಂದೇ ಬರೆಯಿರಿ. 2022ರಲ್ಲಿ ಲಿಂಕ್ಡ್‌ಇನ್ ಇದಕ್ಕೆಂದೇ 'ಕರಿಯರ್ ಬ್ರೇಕ್' ಎಂಬ ಜಾಗ ಮಾಡಿದೆ. ಮನೆಯ ಹೊಣೆ ಹೊತ್ತ ವರ್ಷಗಳನ್ನು ಮುಚ್ಚಿಡಬೇಕಾದ ತಪ್ಪೆಂದು ನಾನು ಎಣಿಸುವುದಿಲ್ಲ.

ಬಹಳ ಮಂದಿ ಪ್ರೊಫೈಲ್ ಮುಟ್ಟುವುದು ಕೆಲಸ ಹೋದ ವಾರ. ಆಗ ಮನಸ್ಸು ಕಲಕಿರುತ್ತದೆ, ಮಾಡಿದ್ದು ನೆನಪಿಗೆ ಬರುವುದಿಲ್ಲ. ಸಂಬಳ ಬಂದ ದಿನ ಹತ್ತು ನಿಮಿಷ ಕೂತು ಆ ತಿಂಗಳು ಕಲಿತದ್ದು, ಮುಗಿಸಿದ್ದು ಎರಡು ಸಾಲು ಬರೆದಿಡಿ. ಅದರಲ್ಲಿ ಕಂಪನಿಯ ಗುಟ್ಟು ಬೇಡ.

ಇನ್ನು, ಈಗಾಗಲೇ ನೆಲೆ ಕಂಡವರಲ್ಲಿ ಒಂದು ಮಾತು. 'ಸರ್, ನಾನು ನಿಮ್ಮ ಕಾಲೇಜಿನವಳು, ನಿಮ್ಮಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರಾ?' ಎಂಬ ಸಂದೇಶ ನಿಮ್ಮ ಇನ್‌ಬಾಕ್ಸ್‌ನಲ್ಲಿ ಕಾದು ಕೂತಿರಬಹುದು. ಬರೆದವಳಿಗೆ ಅಲ್ಲಿ ಇರುವ 'ನಮ್ಮವರು' ನೀವೊಬ್ಬರೇ. ಕೆಲಸ ಇಲ್ಲವಾದರೆ ಇಲ್ಲವೆಂದೇ ಹೇಳಿ, ಅವಳ ಪುಟದಲ್ಲಿ ತಿದ್ದಬೇಕಾದ ಒಂದು ಸಾಲನ್ನು ತೋರಿಸಿ. ಅದಕ್ಕೆ ಐದು ನಿಮಿಷ ಸಾಕು.